ದೇಶ ಸುತ್ತಿ ಕೋಶ ಬರೆದ ಕಿಟ್ಟೆಲ್



ನಾವು ಬಾಳುತ್ತಿರುವ ಈ ನೆಲದ ಒಂದು ಹಿರಿಮೆಯನ್ನು ಮೊದಲು ನೆನಪು ಮಾಡಿಕೊಳ್ಳೋಣ. ನಮ್ಮ ಶಿಗ್ಲಿಗೆ ಹತ್ತಿರದ ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕು ಊರುಗಳ ನಡುವಿನ ನಾಡನ್ನು ಕನ್ನಡದ ತಿರುಳು ಎಂದು ಗುರುತಿಸಿದೆ. ಆದಿಕವಿ ಪಂಪನೂ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಅಂದರೆ ಸಾವಿರ ವರ್ಷಗಳ ಹಿಂದೆಯೇ ಒಳ್ಳೆಯ ಕನ್ನಡ ಬೇಕಾದವರು ನಮ್ಮ ಸೀಮೆಯ ಕಡೆ ಕೈ ತೋರಿಸುತ್ತಿದ್ದರು.

ಇಂಥ ನೆಲದಲ್ಲಿ ಹುಟ್ಟಿದ ನಮ್ಮ ಅನೇಕ ಮಕ್ಕಳ ಮನೆಮಾತು ಉರ್ದು. ಅದರಲ್ಲೂ ದಖನಿ ಉರ್ದು. ಶಾಲೆಯಲ್ಲಿ ಅವರಿಗೆ ಕನ್ನಡ ಎರಡನೆಯ ಇಲ್ಲವೇ ಮೂರನೆಯ ಭಾಷೆ. ಓಣಿಯಲ್ಲಿ ಗೋಲಿ ಆಡುವಾಗ, ಕಿರಾಣಿ ಅಂಗಡಿಯಲ್ಲಿ ಬೆಲ್ಲ ಕೇಳುವಾಗ ಇದೇ ಮಕ್ಕಳು ನೀರು ಕುಡಿದಂತೆ ಕನ್ನಡ ಮಾತಾಡುತ್ತಾರೆ. ಆದರೆ ಪರೀಕ್ಷೆಯ ಕಾಗದ ಮುಂದೆ ಬಂದಾಗ ಹಲವರ ಕೈ ನಡುಗುತ್ತದೆ. ಬಹಳಷ್ಟು ಮಕ್ಕಳು ಗೈಡುಗಳಲ್ಲಿರುವ ಶಬ್ದಾರ್ಥಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ಬರುತ್ತಾರೆ. ಪದದ ಅರ್ಥ ಗೊತ್ತಿರುತ್ತದೆ, ವಾಕ್ಯ ಮಾತ್ರ ಹುಟ್ಟುವುದಿಲ್ಲ. ಹತ್ತನೆಯ ತರಗತಿಯಲ್ಲಿ ಕನ್ನಡದ ಅಂಕಗಳಿಗೆ ಹೆದರಿ ಓದು ಬಿಟ್ಟವರೂ ಇದ್ದಾರೆ. ಮುಂದೆ ರಾಜ್ಯ ಸರ್ಕಾರದ ನೌಕರಿಗೆ ಅರ್ಜಿ ಹಾಕಿದರೆ ಅಲ್ಲಿಯೂ ಕನ್ನಡದ ಪರೀಕ್ಷೆ ಕಾದಿರುತ್ತದೆ. ಆದ್ದರಿಂದ ಎರಡನೆಯ ಭಾಷೆಯನ್ನು ಕಲಿಯುವ ಬಗೆ ಯಾವುದು ಎಂಬ ಪ್ರಶ್ನೆ ನಮಗೆ ಬದುಕಿನ ಪ್ರಶ್ನೆಯೇ ಆಗಿದೆ.

ಈ ಪ್ರಶ್ನೆಗೆ ತಮ್ಮ ಇಡೀ ಆಯುಷ್ಯದಿಂದ ಉತ್ತರ ಕೊಟ್ಟವರು ರೆವರೆಂಡ್ ಫರ್ಡಿನಂಡ್ ಕಿಟ್ಟೆಲ್. ಕನ್ನಡ ನಿಘಂಟು ಎಂದೊಡನೆ ಅವರ ಹೆಸರು ನೆನಪಾಗುತ್ತದೆ. ಆದರೆ ಅವರು ಕನ್ನಡವನ್ನು ಒಂದೊಂದೇ ಅಕ್ಷರದಿಂದ ಕಲಿತ ವಿದ್ಯಾರ್ಥಿಯೂ ಆಗಿದ್ದರು ಎಂಬುದು ನಮಗೆ ಮರೆತುಹೋಗುತ್ತದೆ. ಬನ್ನಿ, ಆ ವಿದ್ಯಾರ್ಥಿಯ ಜೀವನವನ್ನು ನೋಡೋಣ.

ಹುಟ್ಟು ಮತ್ತು ಬಾಲ್ಯ

ಕಿಟ್ಟೆಲ್ ಅವರು 1832ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ವಾಯವ್ಯ ಮೂಲೆಯಲ್ಲಿರುವ ಪೂರ್ವ ಫ್ರಿಸ್‌ಲ್ಯಾಂಡ್ ಪ್ರದೇಶದ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಅವರ ತಂದೆ ಚರ್ಚಿನ ಪಾದ್ರಿಗಳು. ಸಮುದ್ರಕ್ಕೆ ಹತ್ತಿರವಾದ ಆ ಸೀಮೆಯ ಜನರ ಆಡುಮಾತು ಪುಸ್ತಕದ ಜರ್ಮನ್‌ಗಿಂತ ಬೇರೆ. ನಮ್ಮ ದಖನಿಗೂ ಲಖನೌದ ಉರ್ದುವಿಗೂ ಎಷ್ಟು ಅಂತರವೋ ಅಂಥದೇ ಅಂತರ ಅಲ್ಲಿಯೂ ಇತ್ತು. ಓಣಿಯ ಮಾತು ಒಂದು, ಪುಸ್ತಕದ ಮಾತು ಇನ್ನೊಂದು ಇರುವ ಊರಿನ ಹುಡುಗ ಅವರು.

ಶಾಲೆಯಲ್ಲಿ ಅವರು ಲ್ಯಾಟಿನ್, ಗ್ರೀಕ್, ಹೀಬ್ರೂ ಮೊದಲಾದ ಭಾಷೆಗಳನ್ನು ಕಲಿತರು. ಮುಂದೆ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಸಂಸ್ಥೆಯಲ್ಲಿ ತರಬೇತಿ ಪಡೆದು, 1853ರಲ್ಲಿ ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಹಿಂದುಸ್ತಾನಕ್ಕೆ ಬಂದರು. ಆಗ ಸೂಯೆಜ್ ಕಾಲುವೆ ಇನ್ನೂ ತೆರೆದಿರಲಿಲ್ಲ. ಹಡಗು ಹತ್ತಿದ ತರುಣರು ತವರಿಗೆ ಮರಳುವುದು ಯಾವಾಗ ಎಂದು ಯಾರೂ ಹೇಳಬಲ್ಲವರಾಗಿರಲಿಲ್ಲ.

ನಮ್ಮ ಸೀಮೆಗೆ ಬಂದ ವಿದ್ಯಾರ್ಥಿ

ಬಾಸೆಲ್ ಮಿಶನ್ ಕನ್ನಡ ನಾಡಿನಲ್ಲಿ ಕೆಲಸ ಆರಂಭಿಸಿದ್ದು 1834ರಲ್ಲಿ, ಮಂಗಳೂರಿನಿಂದ. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ನಮ್ಮ ಬೆಟಗೇರಿ ಅವರ ಕೇಂದ್ರಗಳಾದವು. ಇಂದಿಗೂ ಗದಗ-ಬೆಟಗೇರಿಯ ಹಳೆಯ ಜನ ಅಲ್ಲಿನ ಮಿಶನ್ ದವಾಖಾನೆಯನ್ನು ಜರ್ಮನ್ ದವಾಖಾನೆ ಎಂದೇ ಕರೆಯುತ್ತಾರೆ. ಕಿಟ್ಟೆಲ್ ಅವರ ಕನ್ನಡದ ಓನಾಮ ನಡೆದದ್ದು ಇದೇ ಧಾರವಾಡ ಸೀಮೆಯಲ್ಲಿ.

ಆಗ ಪರದೇಶದವರಿಗೆ ಕನ್ನಡ ಕಲಿಯಲು ಪುಸ್ತಕಗಳೇ ಇರಲಿಲ್ಲವೆಂದಲ್ಲ. ಬಳ್ಳಾರಿಯಲ್ಲಿ ದುಡಿದ ವಿಲಿಯಂ ರೀವ್ ಎಂಬವರು 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದ್ದರು. ಈ ಎರಡನೆಯ ನಿಘಂಟು ಬೆಳಕು ಕಂಡ ವರ್ಷವೇ ಕಿಟ್ಟೆಲ್ ಹುಟ್ಟಿದ ವರ್ಷ. ಅವರಿಗಿಂತ ಮೊದಲು ಬಂದಿದ್ದ ಹರ್ಮನ್ ಮೊಗ್ಲಿಂಗ್ ಅವರು 1843ರಲ್ಲಿ ಮಂಗಳೂರ ಸಮಾಚಾರವೆಂಬ ಮೊದಲ ಕನ್ನಡ ಪತ್ರಿಕೆಯನ್ನು ಹೊರಡಿಸಿದ್ದರು. ಹಳೆಯ ಕನ್ನಡ ಕಾವ್ಯಗಳನ್ನೂ ಅಚ್ಚು ಹಾಕಿಸಿದ್ದರು.

ಆದರೆ ತರುಣ ಕಿಟ್ಟೆಲ್ ಕನ್ನಡವನ್ನು ಕೋಣೆಯೊಳಗೆ ಕುಳಿತು ಮಾತ್ರ ಕಲಿಯಲಿಲ್ಲ. ಅವರು ಹಳ್ಳಿಯಿಂದ ಹಳ್ಳಿಗೆ ತಿರುಗಿದರು. ಸಂತೆ, ಜಾತ್ರೆಗಳಲ್ಲಿ ಜನರೊಂದಿಗೆ ಮಾತಾಡುವುದು ಮಿಶನರಿಗಳ ದಿನನಿತ್ಯದ ಕೆಲಸವೇ ಆಗಿತ್ತು. ಕಿಟ್ಟೆಲ್ ಅವರಿಗೆ ಅದು ಪಾಠಶಾಲೆಯೂ ಆಯಿತು. ಜನರ ನಡುವೆ ಇರಬೇಕು, ಕನ್ನಡಿಗರಿಗೆ ಕನ್ನಡಿಗನೇ ಆಗಬೇಕು ಎಂಬುದು ಅವರ ಹಂಬಲ. ಈ ಹಂಬಲ ಅವರ ಮೇಲಧಿಕಾರಿಗಳಿಗೆ ಅಷ್ಟಾಗಿ ಹಿಡಿಸಲಿಲ್ಲ. ಧರ್ಮಬೋಧನೆಗೆ ಬಂದವನು ಭಾಷೆಯ ಬೆನ್ನು ಹತ್ತಿದ್ದಾನೆ ಎಂಬ ಅಸಮಾಧಾನ ಸಂಸ್ಥೆಯಲ್ಲಿತ್ತು. ಹೀಗಾಗಿ ಅವರ ಬದುಕು ಒಂದೇ ಊರಿನಲ್ಲಿ ನೆಲೆ ನಿಲ್ಲಲಿಲ್ಲ. ಧಾರವಾಡ, ಮಂಗಳೂರು, ಮಡಿಕೇರಿ ಹೀಗೆ ಊರೂರು ತಿರುಗಬೇಕಾಯಿತು.

ಇದರಲ್ಲಿಯೂ ಒಂದು ಲಾಭವಾಯಿತೆಂದು ಹೇಳಬೇಕು. ಉತ್ತರದ ಬಯಲುಸೀಮೆ, ಪಶ್ಚಿಮದ ಕರಾವಳಿ, ಕೊಡಗಿನ ಮಲೆನಾಡು ಈ ಮೂರೂ ಕಡೆಯ ಕನ್ನಡ ಅವರ ಕಿವಿಗೆ ಬಿತ್ತು. ನಾವು ಉಳ್ಳಾಗಡ್ಡಿ ಎನ್ನುವುದನ್ನು ಮೈಸೂರಿನವರು ಈರುಳ್ಳಿ ಎನ್ನುತ್ತಾರೆ. ನಮ್ಮ ಕಸಬರಿಗೆ ಅವರಿಗೆ ಪೊರಕೆ. ಒಂದು ಊರು ಬಿಟ್ಟು ಏಳದವನಿಗೆ ಇಂಥ ವ್ಯತ್ಯಾಸ ತಿಳಿಯುವುದೇ ಇಲ್ಲ.

ಮನೆಯ ದುಃಖವೂ ಅವರನ್ನು ಬಿಡಲಿಲ್ಲ. ಮದುವೆಯಾದ ಕೆಲವೇ ವರ್ಷಗಳಲ್ಲಿ ಮೊದಲ ಪತ್ನಿ ತೀರಿಕೊಂಡರು. ಆನಂತರ ಆಕೆಯ ಸಹೋದರಿಯನ್ನೇ ಅವರು ವಿವಾಹವಾದರು. ಪರನಾಡು, ಸಂಸಾರದ ಭಾರ, ಸಂಸ್ಥೆಯ ಅಸಮಾಧಾನ ಇವೆಲ್ಲದರ ನಡುವೆಯೂ ಕನ್ನಡದ ಓದು ನಿಲ್ಲಲಿಲ್ಲ.

ವ್ಯಾಕರಣ, ಛಂದಸ್ಸು, ಕಾವ್ಯ

1862ರಲ್ಲಿ ಅವರು ಕಥಾಮಾಲೆ ಎಂಬ ಪದ್ಯಕೃತಿಯನ್ನು ಪ್ರಕಟಿಸಿದರು. ಹಜರತ್ ಈಸಾ ಅವರ ಜೀವನವನ್ನು ಕನ್ನಡದ ದೇಸಿ ಛಂದಸ್ಸಿನಲ್ಲಿ ಹೇಳುವ ಕೃತಿ ಅದು. ಕನ್ನಡ ನೆಲಕ್ಕೆ ಕಾಲಿಟ್ಟ ಒಂಬತ್ತೇ ವರ್ಷಗಳಲ್ಲಿ ಒಬ್ಬ ಜರ್ಮನ್ ತರುಣ ಕನ್ನಡ ಪದ್ಯ ರಚಿಸಿದರು ಎಂದರೆ ಅವರ ಕಲಿಕೆ ಎಷ್ಟು ಆಳವಾಗಿತ್ತೆಂದು ನೀವೇ ಊಹಿಸಿ.

ಮುಂದೆ ಅವರು ಕನ್ನಡದ ಹಳೆಯ ಶಾಸ್ತ್ರಗ್ರಂಥಗಳ ಕಡೆ ತಿರುಗಿದರು. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವೆಂಬ ವ್ಯಾಕರಣವನ್ನು 1872ರಲ್ಲಿಯೂ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಓಲೆಗರಿಗಳಲ್ಲಿದ್ದ ಗ್ರಂಥಗಳು ಹೀಗೆ ಎಲ್ಲರ ಕೈಗೆ ಸಿಗುವಂತಾದವು.

ವಿದ್ಯಾರ್ಥಿಗಳೇ, ಇಲ್ಲಿ ಒಂದು ಕ್ರಮವನ್ನು ಗಮನಿಸಿ. ಕಿಟ್ಟೆಲ್ ಅವರು ಮೊದಲು ಜನರ ಮಾತನ್ನು ಕೇಳಿದರು. ಆಮೇಲೆ ತಾವೇ ಬರೆದರು. ವ್ಯಾಕರಣದ ಆಳಕ್ಕೆ ಇಳಿದದ್ದು ಅದರ ನಂತರ. ನಿಘಂಟು ಬಂದದ್ದು ಕೊನೆಗೆ. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಈ ಕ್ರಮ ತಿರುಗುಮುರುಗಾಗಿದೆ. ಪದಪಟ್ಟಿ ಮೊದಲು, ವ್ಯಾಕರಣ ಆಮೇಲೆ, ಬರೆಯುವುದು ಪರೀಕ್ಷೆಯಲ್ಲಿ, ಮಾತು ಕೊನೆಗೆ.

ನಿಘಂಟಿನ ಮಹಾಕಾರ್ಯ

1872ರ ಸುಮಾರಿಗೆ ಕಿಟ್ಟೆಲ್ ಅವರಿಗೆ ಹೊಸ ಕನ್ನಡ-ಇಂಗ್ಲಿಷ್ ನಿಘಂಟನ್ನು ಸಿದ್ಧಪಡಿಸುವ ಹೊಣೆ ಬಂತು. ಅದು ಮುಗಿಯಲು ಸುಮಾರು ಇಪ್ಪತ್ತು ವರ್ಷಗಳೇ ಬೇಕಾದವು. ನಡುವೆ ಅವರು ಜರ್ಮನಿಗೆ ಹೋದರು, ಮತ್ತೆ ಈ ಕೆಲಸಕ್ಕಾಗಿಯೇ ಕನ್ನಡ ನಾಡಿಗೆ ಬಂದರು. ಕಂಪ್ಯೂಟರ್ ಇರಲಿ, ಬೆರಳಚ್ಚು ಯಂತ್ರವೂ ಕನ್ನಡಕ್ಕೆ ಇಲ್ಲದ ಕಾಲ. ಒಂದೊಂದು ಪದವನ್ನೂ ಕೈಯಿಂದ ಬರೆದು, ಜೋಡಿಸಿ, ತಿದ್ದಿ, ಮತ್ತೆ ಬರೆಯಬೇಕು. ಸ್ಥಳೀಯ ಪಂಡಿತರು ಅವರಿಗೆ ನೆರವಾದರು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ನಿಘಂಟು ಹೊರಬಂತು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. ಕಿಟ್ಟೆಲ್ ಅವರಿಗೆ ಆಗ 62 ವರ್ಷ.

ಈ ನಿಘಂಟಿನ ದೊಡ್ಡತನ ಪದಗಳ ಸಂಖ್ಯೆಯಲ್ಲಿ ಮಾತ್ರ ಇಲ್ಲ. ಅವರು ಪದವನ್ನು ಒಂಟಿಯಾಗಿ ನಿಲ್ಲಿಸಿ ಅದರ ಮುಂದೆ ಅರ್ಥ ಬರೆದು ಕೈತೊಳೆದುಕೊಳ್ಳಲಿಲ್ಲ. ಮುಖ್ಯ ಪದದ ಕೆಳಗೆ ಅದು ಬೇರೆ ಪದಗಳೊಂದಿಗೆ ಕೂಡಿ ಆಗುವ ನುಡಿಗಟ್ಟುಗಳನ್ನು ಕೊಟ್ಟರು. ಹಳೆಯ ಕಾವ್ಯಗಳಲ್ಲಿ ಆ ಪದ ಹೇಗೆ ಬಂದಿದೆ ಎಂದು ತೋರಿಸಿದರು. ಜನರ ಬಾಯಲ್ಲಿದ್ದ ಗಾದೆಗಳನ್ನು ಹೇರಳವಾಗಿ ಸೇರಿಸಿದರು. ಗಾದೆಯೆಂದರೆ ಒಂದು ಇಡೀ ವಾಕ್ಯ. ಅದರಲ್ಲಿ ಪದವು ಯಾರ ಜೊತೆ ಕೂರುತ್ತದೆ, ಯಾವ ವಿಭಕ್ತಿ ಹಿಡಿಯುತ್ತದೆ, ಯಾವ ಸಂದರ್ಭಕ್ಕೆ ಒಪ್ಪುತ್ತದೆ ಎಲ್ಲವೂ ಒಮ್ಮೆಗೇ ತಿಳಿಯುತ್ತದೆ.

ಇನ್ನೆರಡು ಸಂಗತಿಗಳು ನಮಗೆ ವಿಶೇಷವಾಗಿ ಬೇಕಾದವು. ಮೊದಲನೆಯದು, ಯಾವ ಪದ ಮೈಸೂರು ಕಡೆಯದು, ಯಾವುದು ಆಗ ದಕ್ಷಿಣ ಮರಾಠಾ ಪ್ರಾಂತವೆಂದು ಕರೆಯುತ್ತಿದ್ದ ನಮ್ಮ ಧಾರವಾಡ ಕಡೆಯದು ಎಂದು ಅವರು ಗುರುತು ಹಾಕಿದರು. ನಮ್ಮ ಆಡುಮಾತನ್ನು ಒರಟು ಎಂದು ಬದಿಗೆ ಸರಿಸಲಿಲ್ಲ. ಎರಡನೆಯದು, ಉರ್ದು-ಹಿಂದುಸ್ತಾನಿಯಿಂದ ಬಂದ ಪದಗಳನ್ನೂ ಹೊರಗಿಡಲಿಲ್ಲ. ಅವುಗಳ ಮುಂದೆ ಹಿಂದುಸ್ತಾನಿ ಎಂಬ ಗುರುತು ಹಾಕಿ, ಕನ್ನಡದ ಮನೆಯಲ್ಲಿ ಅವಕ್ಕೂ ಜಾಗ ಕೊಟ್ಟರು. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ನೆಂಟ ಪದಗಳನ್ನೂ ಹೋಲಿಸಿ ತೋರಿಸಿದರು.

ಈ ರೀತಿಯ ದುಡಿಮೆ ನಮ್ಮ ಓದುಗರಿಗೆ ಹೊಸದೇನಲ್ಲ. ಎಂಟನೆಯ ಶತಮಾನದಲ್ಲಿ ಬಸ್ರಾ ಪಟ್ಟಣದ ಖಲೀಲ್ ಇಬ್ನ್ ಅಹ್ಮದ್ ಅವರು ಕಿತಾಬುಲ್ ಐನ್ ಎಂಬ ಮೊದಲ ಅರಬ್ಬೀ ನಿಘಂಟಿಗೆ ಅಡಿಪಾಯ ಹಾಕಿದರು. ಅರಬ್ಬೀ ಛಂದಸ್ಸಿನ ಶಾಸ್ತ್ರವನ್ನು ಕಟ್ಟಿದವರೂ ಅವರೇ. ಆ ಕಾಲದ ಭಾಷಾ ವಿದ್ವಾಂಸರು ಪದವೊಂದರ ಸರಿಯಾದ ಬಳಕೆ ತಿಳಿಯಲು ಮರುಭೂಮಿಯ ಬದೂ ಜನರ ಮಾತನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಸಾವಿರ ವರ್ಷಗಳ ನಂತರ ಕಿಟ್ಟೆಲ್ ಅವರು ಕನ್ನಡದಲ್ಲಿ ಹಿಡಿದದ್ದೂ ಅದೇ ದಾರಿ. ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬ ಅರ್ಥದ ಗಾದೆ ನಮ್ಮಲ್ಲಿದೆ. ಕಿಟ್ಟೆಲ್ ಅವರು ದೇಶವನ್ನೂ ಸುತ್ತಿದರು, ಕೋಶವನ್ನೂ ಬರೆದರು.

ಇದರಿಂದ ನಮಗೇನು ಪಾಠ?

ಈಗ ನಮ್ಮ ತರಗತಿಗೆ ಬರೋಣ. ಕೇಳು ಎಂಬ ಸಣ್ಣ ಕನ್ನಡ ಪದವನ್ನು ತೆಗೆದುಕೊಳ್ಳಿ. ಇದರ ಉರ್ದು ಅರ್ಥವೇನು? ಪಟ್ಟಿಯಲ್ಲಿ ಸುನನಾ ಎಂದು ಬರೆದಿರುತ್ತದೆ. ಆದರೆ ಹಾಡು ಕೇಳು ಎಂದಾಗ ಮಾತ್ರ ಅದು ಸುನನಾ. ದಾರಿ ಕೇಳು ಎಂದಾಗ ಪೂಛನಾ. ಸಾಲ ಕೇಳು ಎಂದಾಗ ಮಾಂಗನಾ. ಹಿರಿಯರ ಮಾತು ಕೇಳು ಎಂದಾಗ ಕಹಾ ಮಾನನಾ. ಉರ್ದುವಿನ ನಾಲ್ಕು ಮನೆಗಳಿಗೆ ಕನ್ನಡದಲ್ಲಿ ಒಂದೇ ಬಾಗಿಲು. ಒಂಟಿ ಪದವನ್ನು ಬಾಯಿಪಾಠ ಮಾಡಿದ ಮಗುವಿಗೆ ಒಂದು ಅರ್ಥ ಸಿಕ್ಕಿತು, ಮೂರು ತಪ್ಪಿತು. ಹಾಡು, ದಾರಿ, ಸಾಲ, ಮಾತು ಎಂಬ ನಾಲ್ಕು ಜೊತೆಗಾರರೊಂದಿಗೆ ಕಲಿತ ಮಗುವಿಗೆ ನಾಲ್ಕೂ ಸಿಕ್ಕವು.

ಇನ್ನು ನಮ್ಮ ಕಡೆಯ ಹತ್ತು ಎಂಬ ಪದವನ್ನು ನೋಡಿ. ಲೆಕ್ಕದಲ್ಲಿ ಅದು ದಸ್. ಆದರೆ ಬಸ್ ಹತ್ತುತ್ತೇವೆ, ಗಿಡ ಹತ್ತುತ್ತೇವೆ. ಒಲೆಯಲ್ಲಿ ಬೆಂಕಿ ಹತ್ತುತ್ತದೆ. ರಾತ್ರಿ ನಿದ್ದಿ ಹತ್ತುತ್ತದೆ. ಕೂಸು ಅಳಾಕ ಹತ್ತುತ್ತದೆ. ಉರ್ದು ಬಲ್ಲ ಮಗುವಿಗೆ ಇಲ್ಲಿ ಒಂದು ಸಂತೋಷ ಕಾದಿದೆ. ಆಗ್ ಲಗೀ, ನೀಂದ್ ಲಗೀ, ರೋನೇ ಲಗಾ ಎಂದು ಮನೆಯಲ್ಲಿ ಹೇಳುವಾಗ ನಮ್ಮ ಲಗನಾ ಮಾಡುವ ಕೆಲಸವನ್ನೇ ಧಾರವಾಡ ಸೀಮೆಯ ಹತ್ತು ಮಾಡುತ್ತದೆ. ಆದರೆ ಭೂಖ್ ಲಗೀ ಎಂಬುದನ್ನು ಹಸಿವು ಹತ್ತಿತು ಎಂದರೆ ಕೇಳಿದವರು ನಗುತ್ತಾರೆ. ಅಲ್ಲಿ ಹಸಿವಾಯಿತು ಎನ್ನಬೇಕು. ಡರ್ ಲಗಾ ಎಂಬುದು ಹೆದರಿಕೆಯಾಯಿತು. ಎಲ್ಲಿ ಎರಡು ಭಾಷೆಗಳ ದಾರಿ ಕೂಡುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂಬುದು ನುಡಿಗಟ್ಟಿನಲ್ಲಿ ಮಾತ್ರ ಕಾಣುತ್ತದೆ.

ಖಾನಾ ಎಂದರೆ ತಿನ್ನು. ಮಾರ್ ಖಾನಾ ಎಂದರೆ ಏಟು ತಿನ್ನು, ರಿಶ್ವತ್ ಖಾನಾ ಎಂದರೆ ಲಂಚ ತಿನ್ನು. ಇಲ್ಲಿಯವರೆಗೆ ಸರಿ. ಆದರೆ ಕಸಮ್ ಖಾನಾ ಎಂಬುದು ಆಣೆ ತಿನ್ನು ಆಗುವುದಿಲ್ಲ, ಆಣೆ ಮಾಡು ಆಗುತ್ತದೆ. ಧೋಖಾ ಖಾನಾ ಎಂಬುದು ಮೋಸ ಹೋಗು ಆಗುತ್ತದೆ. ಬೀಡೀ ಪೀನಾ ಎಂಬುದು ಕನ್ನಡದಲ್ಲಿ ಬೀಡಿ ಸೇದು. ಆ ಸೇದು ಎಂಬ ಪದವೇ ಬಾವಿಯಿಂದ ನೀರು ಎತ್ತುವುದಕ್ಕೂ ಬರುತ್ತದೆ. ಇದನ್ನೆಲ್ಲ ಯಾವ ವ್ಯಾಕರಣದ ಸೂತ್ರದಿಂದಲೂ ಕಲಿಸಲಾಗದು. ಪದವನ್ನು ಅದರ ಜೊತೆಗಾರನೊಂದಿಗೆ ಕೇಳಬೇಕು, ಹೇಳಬೇಕು, ಬರೆಯಬೇಕು.

ಎರಡೂ ಭಾಷೆಗಳಲ್ಲಿರುವ ಪದಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಕಾಗದ, ಅರ್ಜಿ, ಜಮೀನು, ತಕರಾರು, ಬಾಕಿ, ಸರಕಾರ ಮುಂತಾದ ನೂರಾರು ಪದಗಳು ಅರಬ್ಬೀ-ಫಾರಸಿಯಿಂದ ಬಂದು ಕನ್ನಡದ ಸ್ವಂತ ಮಕ್ಕಳಾಗಿವೆ. ಇವು ನಮ್ಮ ಮಕ್ಕಳಿಗೆ ಬಿಟ್ಟಿ ಬಂದ ಬಂಡವಾಳ. ಆದರೆ ಕೆಲವು ಪದಗಳು ಮನೆ ಬದಲಿಸಿದಾಗ ಅರ್ಥವನ್ನೂ ಬದಲಿಸಿವೆ. ಉರ್ದುವಿನಲ್ಲಿ ಹೋಶಿಯಾರ್ ಎಂದರೆ ಜಾಣ ಅಥವಾ ಎಚ್ಚರವುಳ್ಳವನು. ಕನ್ನಡದಲ್ಲಿ ಹುಷಾರಿಲ್ಲ ಎಂದರೆ ಮೈಯಲ್ಲಿ ಆರಾಮಿಲ್ಲ ಎಂದರ್ಥ. ಉರ್ದುವಿನ ರಜಾ ಎಂದರೆ ಒಪ್ಪಿಗೆ. ಕನ್ನಡದ ರಜಾ ಎಂದರೆ ಸೂಟಿ. ರಅಯ್ಯತ್ ಎಂದರೆ ಪ್ರಜೆ. ಅದೇ ಪದ ಕನ್ನಡದಲ್ಲಿ ರೈತನಾಗಿ ಹೊಲಕ್ಕೆ ಹೋಗಿದೆ. ಇಂಥ ಪದಗಳನ್ನು ಕಿಟ್ಟೆಲ್ ಅವರಂತೆ ಎರಡೂ ಮನೆಗಳಲ್ಲಿ ವಿಚಾರಿಸಿಯೇ ಬಳಸಬೇಕು.

ಕೊನೆಯ ದಿನಗಳು

ಕಿಟ್ಟೆಲ್ ಅವರು ತಮ್ಮ ಕೊನೆಯ ವರ್ಷಗಳನ್ನು ಜರ್ಮನಿಯ ಟ್ಯೂಬಿಂಗೆನ್ ಪಟ್ಟಣದಲ್ಲಿ ಕಳೆದರು. ಕನ್ನಡ ಮಾತಾಡುವವರು ಅಲ್ಲಿ ಯಾರಿದ್ದಾರು? ಆದರೂ ಅವರ ಕನ್ನಡದ ಕೆಲಸ ಮುಂದುವರಿಯಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ನೋಡುವ ಗ್ರಂಥ ಅದು. ಅದೇ ವರ್ಷ ಡಿಸೆಂಬರ್ 18ರಂದು, 71ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಇಪ್ಪತ್ತೊಂದರ ಹರೆಯದಲ್ಲಿ ಆರಂಭವಾದ ಕನ್ನಡದ ಪಾಠ ಸಾಯುವ ವರ್ಷದವರೆಗೂ ಮುಗಿದಿರಲಿಲ್ಲ.

ಅವರ ನಿಘಂಟಿಗೆ ಮುಪ್ಪು ಬರಲಿಲ್ಲ. ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ವಿಸ್ತರಿಸಿದರು. ಮದರಾಸು ವಿಶ್ವವಿದ್ಯಾಲಯ 1968ರಿಂದ 1971ರ ಅವಧಿಯಲ್ಲಿ ಅದನ್ನು ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಮುಂದೆ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ಕನ್ನಡ-ಕನ್ನಡ ನಿಘಂಟನ್ನು ಸಿದ್ಧಪಡಿಸಿತು. ಅದರಲ್ಲಿಯೂ ಪದಗಳನ್ನು ಪ್ರಯೋಗದೊಂದಿಗೆ ಕೊಡುವ ಪದ್ಧತಿ ಇದೆ. ಧಾರವಾಡದಲ್ಲಿ ಕಿಟ್ಟೆಲ್ ಹೆಸರಿನ ಕಾಲೇಜು ಇದೆ, ಬೆಂಗಳೂರಿನಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಲಾಗಿದೆ.

ಕಿಟ್ಟೆಲ್ ಅವರು ಬಂದದ್ದು ಧರ್ಮಪ್ರಚಾರಕ್ಕೆ, ಅವರನ್ನು ನಾವೇಕೆ ಹೊಗಳಬೇಕು ಎಂದು ಕೆಲವರು ಕೇಳಬಹುದು. ಅವರು ಬಂದ ಉದ್ದೇಶ ಅದೇ ಎಂಬುದು ನಿಜ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಅವರ ನಂಬಿಕೆ ಅವರದು, ನಮ್ಮ ನಂಬಿಕೆ ನಮ್ಮದು. ಆದರೆ ವಿದ್ಯೆ ಯಾರಲ್ಲಿದ್ದರೂ ಅದನ್ನು ಗೌರವದಿಂದ ಪಡೆಯುವುದು ನಮ್ಮ ಹಿರಿಯರ ರೀತಿ. ಬಗ್ದಾದಿನ ವಿದ್ವಾಂಸರು ಗ್ರೀಕರ ಗ್ರಂಥಗಳನ್ನು ಅರಬ್ಬೀಗೆ ತಂದದ್ದೂ ಇದೇ ಮನಸ್ಸಿನಿಂದ. ತಮ್ಮವರು ಬೇಸರಪಟ್ಟುಕೊಂಡರೂ ಪರಭಾಷೆಯೊಂದಕ್ಕೆ ನಲವತ್ತಕ್ಕೂ ಹೆಚ್ಚು ವರ್ಷ ಕೊಟ್ಟ ಒಬ್ಬ ಮನುಷ್ಯನಿಂದ ಕಲಿಯುವುದು ಬಹಳವಿದೆ.

ವಿದ್ಯಾರ್ಥಿಗಳೇ, ನೀವು ಹೀಗೆ ಮಾಡಿ

ಒಂದು ನೂರು ಪುಟದ ನೋಟುಬುಕ್ಕನ್ನು ಕನ್ನಡಕ್ಕಾಗಿಯೇ ಇಟ್ಟುಕೊಳ್ಳಿ. ದಿನಕ್ಕೆ ಐದು ಪದ ಸಾಕು. ಆದರೆ ಒಂಟಿ ಪದವನ್ನು ಅದರಲ್ಲಿ ಬರೆಯಬೇಡಿ. ಆ ಪದ ಬಂದ ಇಡೀ ವಾಕ್ಯವನ್ನು ಬರೆಯಿರಿ. ಪಾಠದಲ್ಲಿ ಓದಿದ್ದೋ, ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದೋ, ಮಗ್ಗದ ಮನೆಯಲ್ಲಿ ಯಾರೋ ಹೇಳಿದ್ದೋ ಎಂದು ಬದಿಯಲ್ಲಿ ಗುರುತು ಹಾಕಿ. ಅದರ ಕೆಳಗೆ ಮನೆಯಲ್ಲಿ ಅದನ್ನೇ ಉರ್ದುವಿನಲ್ಲಿ ಹೇಗೆ ಹೇಳುತ್ತೇವೆ ಎಂದು ಬರೆಯಿರಿ. ಎರಡೂ ಒಂದೇ ರೀತಿ ಇದ್ದರೆ ಸರಿ ಎಂಬ ಗುರುತು, ಬೇರೆಯಾಗಿದ್ದರೆ ಒಂದು ಚುಕ್ಕೆ ಇಡಿ. ಚುಕ್ಕೆ ಇರುವ ವಾಕ್ಯಗಳನ್ನು ವಾರಕ್ಕೊಮ್ಮೆ ಗಟ್ಟಿಯಾಗಿ ಓದಿ. ಕೊನೆಗೆ ಅದೇ ನುಡಿಗಟ್ಟನ್ನು ಇಟ್ಟುಕೊಂಡು ನಿಮ್ಮ ಸ್ವಂತ ವಾಕ್ಯವೊಂದನ್ನು ರಚಿಸಿ ನಿಮ್ಮ ಗುರುಗಳಿಗೆ ತೋರಿಸಿ.

ಶಾಲೆಯಲ್ಲಿ ಬರೆಯುವ ಕನ್ನಡಕ್ಕೂ ಓಣಿಯ ಕನ್ನಡಕ್ಕೂ ವ್ಯತ್ಯಾಸವಿದೆ ಎಂದು ಹೆದರಬೇಡಿ. ನಿದ್ದಿ ಹತ್ತಿತು ಎಂಬುದರ ಪಕ್ಕದಲ್ಲಿ ನಿದ್ದೆ ಬಂದಿತು ಎಂದು ಬರೆದಿಟ್ಟುಕೊಂಡರೆ ಎರಡೂ ನಿಮ್ಮವು. ಕಿಟ್ಟೆಲ್ ಅವರ ನಿಘಂಟು ಮಾಡಿದ್ದೂ ಇದನ್ನೇ.

ಪಾಲಕರಲ್ಲಿ ಒಂದು ವಿನಂತಿ. ಉರ್ದು ಬಿಟ್ಟರೆ ಕನ್ನಡ ಬರುತ್ತದೆ ಎಂದಾಗಲಿ, ಕನ್ನಡ ಕಲಿತರೆ ಉರ್ದು ಹೋಗುತ್ತದೆ ಎಂದಾಗಲಿ ಭಾವಿಸಬೇಡಿ. ಮೇಲೆ ಕೊಟ್ಟ ಉದಾಹರಣೆಗಳನ್ನು ನೋಡಿದರೆ ತಿಳಿಯುತ್ತದೆ: ಕನ್ನಡದ ಕೇಳು ಪದದ ನಾಲ್ಕು ಅರ್ಥಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಮಗುವಿಗೆ ನೆರವಾದದ್ದು ಮನೆಯ ಉರ್ದುವೇ. ಎರಡು ಭಾಷೆ ಬಲ್ಲ ಮಗುವಿನ ಬಳಿ ಎರಡು ತಕ್ಕಡಿಗಳಿವೆ. ಮನೆಯಲ್ಲಿ ಒಂದು ಕನ್ನಡ ದಿನಪತ್ರಿಕೆ ತರಿಸಿ, ರಾತ್ರಿ ಊಟವಾದ ಮೇಲೆ ಮಗುವಿನಿಂದ ಹತ್ತು ಸಾಲು ಓದಿಸಿ, ಅದನ್ನು ದಾದಿ-ನಾನಿಗೆ ಉರ್ದುವಿನಲ್ಲಿ ಹೇಳಿಸಿ. ಇದಕ್ಕಿಂತ ಒಳ್ಳೆಯ ಟ್ಯೂಶನ್ ಬೇರೆ ಇಲ್ಲ.

ಸಂಘದ ಸದಸ್ಯರಲ್ಲಿಯೂ ಒಂದು ಮಾತು. ನಮ್ಮ ವಾಚನಾಲಯಗಳಲ್ಲಿ ಒಂದು ಒಳ್ಳೆಯ ಕನ್ನಡ ನಿಘಂಟು, ಒಂದು ಉರ್ದು ನಿಘಂಟು ಜೊತೆಯಾಗಿರಲಿ. ಅವುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕದೆ ಮಕ್ಕಳ ಕೈಗೆಟಕುವ ಮೇಜಿನ ಮೇಲೆ ಇಡಿ. ಹಾಳೆ ಹರಿದರೆ ಹರಿಯಲಿ, ಮತ್ತೊಂದು ಪ್ರತಿ ತರಬಹುದು.

ಸಾವಿರಾರು ಮೈಲಿ ದೂರದಿಂದ ಬಂದು, ಒಂದಕ್ಷರವೂ ಬಾರದ ಸ್ಥಿತಿಯಿಂದ ಆರಂಭಿಸಿ, ನಮ್ಮ ಸೀಮೆಯ ಜನರ ಮಾತು ಕೇಳುತ್ತ ಕೇಳುತ್ತ 70,000 ಪದಗಳ ಕೋಶ ಕಟ್ಟಿದವರು ಕಿಟ್ಟೆಲ್. ನಮ್ಮ ಮಕ್ಕಳು ಆರಂಭಿಸುವುದು ಸೊನ್ನೆಯಿಂದಲ್ಲ. ಅವರು ಹುಟ್ಟಿದ್ದೇ ಪುಲಿಗೆರೆಯ ನೆಲದಲ್ಲಿ, ಕನ್ನಡ ಅವರ ಕಿವಿಯಲ್ಲಿ ಆಗಲೇ ಇದೆ. ಕಿವಿಯಲ್ಲಿರುವುದನ್ನು ವಾಕ್ಯವಾಗಿ ಕಾಗದಕ್ಕೆ ಇಳಿಸುವ ಅಭ್ಯಾಸವೊಂದು ಬೇಕು. ನಾಳೆಯಿಂದ ಅಲ್ಲ, ಇವತ್ತಿನ ಐದು ವಾಕ್ಯಗಳಿಂದಲೇ ಅದನ್ನು ಶುರು ಮಾಡಿ ಎಂದು ಎಲ್ಲ ವಿದ್ಯಾರ್ಥಿಗಳಿಗೂ ಹಾರೈಸುತ್ತೇನೆ.